ಕೊಳೆರೋಗ ಎಂದು ಹುಡುಕಿದವರಿಗೆ ಏನು ಸಿಗಬೇಕು?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ವಸ್ತುಸಂಗ್ರಹಾಲಯ ನಡೆಸುತ್ತಿದ್ದೇವೆ. ನಮ್ಮ ಭಾಗದ ವಿಜ್ಞಾನದ ಚರಿತ್ರೆಗೆ ಸಂಬಂಧಪಟ್ಟ ಸುಮಾರು 1,400 ವಸ್ತು, ಫೋಟೋ, ದಾಖಲೆಗಳಿವೆ. ತೋಟದ ಮಳೆ ಲೆಕ್ಕದ ಪುಸ್ತಕ, ಔಷಧಿ ಹೊಡೆಯುವ ಪಂಪು, ಸೂಕ್ಷ್ಮದರ್ಶಕ, ಸರ್ವೆ ಸರಪಳಿ, ಮಲೇರಿಯಾ ಕರಪತ್ರ, ಹಾಸನದ ಉಪಗ್ರಹ ಕೇಂದ್ರ ಶುರುವಾದ ಕಾಲದ ಪತ್ರಿಕೆಯ ತುಣುಕುಗಳು, ಹೀಗೆ. ಎರಡು ವರ್ಷ ಕೂತು ಎಲ್ಲವನ್ನೂ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಏರಿಸಿದೆವು. ಆದರೆ ಬಂದವರು ಮೊದಲ ಪುಟ ನೋಡಿ ಹಾಗೇ ಹೊರಟುಹೋಗುತ್ತಾರೆ. ವಿಷಯವಾರು ಜೋಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಗ್ರಂಥಾಲಯದ ವರ್ಗೀಕರಣವನ್ನೇ ತಂದು ಹಾಕಬಹುದೇ? ಎಷ್ಟು ವಿಷಯಗಳಿರಬೇಕು? ಕನ್ನಡದಲ್ಲೋ ಇಂಗ್ಲಿಷಿನಲ್ಲೋ?

ಉತ್ತರ: ನೀವು ಕಳಿಸಿದ ಪಟ್ಟಿಯನ್ನು ಎರಡು ಸಲ ಪೂರ್ತಿ ಓದಿದೆ. ಒಳ್ಳೆಯ ಸಂಗ್ರಹ. ತೊಂದರೆ ಇರುವುದು ಮೊದಲ ಪುಟದ ಆರು ಗುಂಡಿಗಳಲ್ಲಿ: ಉಪಕರಣ, ಛಾಯಾಚಿತ್ರ, ಹಸ್ತಪ್ರತಿ, ಮುದ್ರಿತ ಸಾಮಗ್ರಿ, ನಕ್ಷೆ, ಇತರೆ. ಇದು ವಿಷಯವಾರು ಅಲ್ಲ, ಬೀರುವಾರು. ಯಾವುದು ಯಾವ ಬೀರುವಿನಲ್ಲಿದೆ ಎಂದು ತಿಳಿಯಲು ನಿಮಗೆ ಈ ಪಟ್ಟಿ ಬೇಕೇ ಬೇಕು, ಅದನ್ನು ಕೆಡಿಸಬೇಡಿ. ಆದರೆ ಮನೆಯಲ್ಲಿ ಕೂತು ಮೊಬೈಲಿನಲ್ಲಿ ನೋಡುವವರಿಗೆ ನಿಮ್ಮ ಬೀರುಗಳ ಪರಿಚಯವಿಲ್ಲ. ‘ಮುದ್ರಿತ ಸಾಮಗ್ರಿ ನೋಡೋಣ’ ಎಂದು ಯಾರೂ ಬರುವುದಿಲ್ಲ. ‘ನಮ್ಮಜ್ಜನ ಕಾಲದಲ್ಲಿ ಕೊಳೆಗೆ ಏನು ಹೊಡೀತಿದ್ರು’ ಎಂದು ಬರುತ್ತಾರೆ.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಸಂಗ್ರಹಾಲಯದಲ್ಲಿ ಇದೇ ತಪ್ಪನ್ನು ಮಾಡಿದೆ. ವಸ್ತುಗಳನ್ನು ದಾಖಲಿಸಿ ಮುಗಿಸಿದಾಗ ಎಲ್ಲಕ್ಕಿಂತ ದೊಡ್ಡ ವಿಭಾಗ ‘ಇತರೆ’ ಆಗಿತ್ತು. ಒಬ್ಬ ಕಾಲೇಜು ಹುಡುಗಿ ‘ಮೈಲುತುತ್ತ’ ಎಂದು ಹುಡುಕಿ ಏನೂ ಸಿಗಲಿಲ್ಲ ಎಂದು ಪತ್ರ ಬರೆದಳು. ನಮ್ಮಲ್ಲಿ ಮೈಲುತುತ್ತದ ಹಳೆಯ ಡಬ್ಬವಿತ್ತು, ಬಿಲ್ಲುಗಳಿದ್ದವು, ಸಿಂಪಡಿಸುವ ಫೋಟೋಗಳೂ ಇದ್ದವು. ನಾನು ಎಲ್ಲ ಕಡೆ ‘ತಾಮ್ರದ ಸಲ್ಫೇಟ್’ ಎಂದು ಬರೆದಿದ್ದೆ. ಮಲೆನಾಡಿನಲ್ಲಿ ಹುಟ್ಟಿದ ಹುಡುಗಿ ಮನೆಯಲ್ಲಿ ಕೇಳಿದ ಮಾತಿನಲ್ಲಿ ಹುಡುಕಿದ್ದಳು. ತಪ್ಪು ಅವಳದಲ್ಲ. ವಿಷಯವಾರು ಜೋಡಣೆ ಅಂದರೆ ಪಂಡಿತರ ಪಟ್ಟಿ ಮಾಡುವುದಲ್ಲ, ಕೇಳುವವರ ಮಾತಿಗೂ ವಸ್ತುವಿಗೂ ನಡುವೆ ದಾರಿ ಮಾಡುವುದು ಎಂದು ಅವತ್ತಿನಿಂದ ನಂಬಿದ್ದೇನೆ.

ಕೊಳೆರೋಗವನ್ನೇ ತೆಗೆದುಕೊಳ್ಳಿ, ಇಡೀ ಸಮಸ್ಯೆ ಅದೊಂದರಲ್ಲೇ ಇದೆ. ಕೊಪ್ಪ, ಶೃಂಗೇರಿ ಕಡೆಯವರು ‘ಕೊಳೆ’ ಅಂದರೆ ಅಡಿಕೆಯ ರೋಗ. ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಎಳೆಯ ಕಾಯಿ ಕೊಳೆತು ಉದುರುತ್ತದಲ್ಲ, ಅದು. ಅದಕ್ಕೆ ಕಾರಣ ಫೈಟಾಫ್ತೊರಾ ಎಂಬ ಜೀವಿ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಮೊದಲ ವರ್ಷಗಳಲ್ಲೇ ಅದರ ಬೆನ್ನು ಹತ್ತಿದರು, ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯುವುದನ್ನು ರೈತರಿಗೆ ತೋರಿಸಿದರು. ಆದರೆ ಮೂಡಿಗೆರೆಯ ಕಾಫಿ ಬೆಳೆಗಾರರು ‘ಕೊಳೆರೋಗ’ ಅಂದರೆ ಅದು ಬೇರೆಯೇ. ಕಾಫಿ ಎಲೆ ಕಪ್ಪಾಗಿ, ಕಳಚಿದ ಮೇಲೂ ನೆಲಕ್ಕೆ ಬೀಳದೆ ಶಿಲೀಂಧ್ರದ ಎಳೆಗೆ ತೂಗಾಡುತ್ತಿರುತ್ತದೆ. ಇದನ್ನು ಉಂಟುಮಾಡುವುದು ಬೇರೆಯೇ ಜೀವಿ, ಒಂದು ಶಿಲೀಂಧ್ರ. 1876ರಲ್ಲಿ ಅದಕ್ಕೆ ಲ್ಯಾಟಿನ್ ಹೆಸರಿಡುವಾಗ ‘ಕೊಳೆರೋಗ’ ಎಂಬ ನಮ್ಮ ಮಾತನ್ನೇ ಹೆಸರಿನೊಳಗೆ ಸೇರಿಸಿದರು. ನಮ್ಮ ತೋಟದ ಕನ್ನಡ ಸಸ್ಯರೋಗ ವಿಜ್ಞಾನದ ಪುಸ್ತಕ ಸೇರಿದ ಬಗೆ ಅದು, ಮರೆಯದೆ ನಿಮ್ಮ ಪುಟದಲ್ಲಿ ಹೇಳಿ.

ಈಗ ನಿಮ್ಮ ಪಟ್ಟಿಯಲ್ಲಿ ‘ಕೊಳೆರೋಗ’ ಎಂದು ಬರೆದ 23 ವಸ್ತುಗಳಿವೆ. ಯಾವುದು ಅಡಿಕೆಯದು, ಯಾವುದು ಕಾಫಿಯದು ಎಂದು ಎಲ್ಲೂ ಹೇಳಿಲ್ಲ. ವಿಷಯದ ಹೆಸರು ‘ಕೊಳೆರೋಗ, ಅಡಿಕೆ’ ಮತ್ತು ‘ಕೊಳೆರೋಗ, ಕಾಫಿ’ ಎಂದು ಎರಡಾಗಬೇಕು. ಬರೀ ‘ಕೊಳೆರೋಗ’ ಎಂದು ಹುಡುಕಿದವರಿಗೆ ‘ಯಾವುದರದ್ದು ಬೇಕು, ಅಡಿಕೆಯದೋ ಕಾಫಿಯದೋ’ ಎಂದು ಪುಟವೇ ಕೇಳಬೇಕು. ಎರಡಕ್ಕೂ ಕೊಂಡಿ ಹಾಕುವ ಮೂರನೆಯ ವಿಷಯ ‘ಬೋರ್ಡೋ ದ್ರಾವಣ’, ಏಕೆಂದರೆ ಎರಡೂ ರೋಗಕ್ಕೆ ಹೊಡೆಯುವುದು ಅದನ್ನೇ. ಇದೇ ತರಹ ‘ತುಕ್ಕು’ ಎಂಬ ಮಾತನ್ನೂ ನೋಡಿಕೊಳ್ಳಿ. ಕಾಫಿಯ ಎಲೆತುಕ್ಕಿನ ಮಾದರಿಯೂ ಕೆಮ್ಮಣ್ಣುಗುಂಡಿ ಗಣಿಯ ತುಕ್ಕು ಹಿಡಿದ ಸರಪಳಿಯೂ ಈಗ ನಿಮ್ಮ ಹುಡುಕಾಟದಲ್ಲಿ ಅಕ್ಕಪಕ್ಕ ಬಂದು ಕೂರುತ್ತಿವೆ.

ಬೋರ್ಡೋ ದ್ರಾವಣದ ಪುಟವನ್ನು ಹೇಗೆ ಮಾಡಬೇಕೆಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಉಳಿದವಕ್ಕೆ ಅದು ಮಾದರಿಯಾಗುತ್ತದೆ. ನಿಮ್ಮಲ್ಲಿ ಒಂದು ಫೋಟೋ ಇದೆ: ಅಡಿಕೆ ಮರದ ತುದಿಯಲ್ಲಿ ಒಬ್ಬರು, ಕೈಯಲ್ಲಿ ಉದ್ದನೆಯ ಕೊಳವೆ, ಕೆಳಗೆ ಪಂಪು ಒತ್ತುತ್ತಿರುವ ಇಬ್ಬರು, ಪಕ್ಕದಲ್ಲಿ ಮರದ ಪೀಪಾಯಿ. ನೀವು ವಿಷಯ ಎಂದು ಬರೆದಿರುವುದು ‘ಮನುಷ್ಯ, ಮರ, ಪಂಪು’. ಇದು ಫೋಟೋದಲ್ಲಿ ಕಾಣುವುದು. ಫೋಟೋ ಯಾವುದರ ಬಗ್ಗೆ ಎಂಬುದು ಬೇರೆ ಪ್ರಶ್ನೆ: ಅಡಿಕೆಯ ಕೊಳೆರೋಗ, ಬೋರ್ಡೋ ದ್ರಾವಣ, ತೋಟದ ಕೆಲಸ. ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ. ಕಾಣುವುದನ್ನು ಯಾರು ಬೇಕಾದರೂ ತುಂಬಬಹುದು. ಬಗ್ಗೆ ಎಂಬುದನ್ನು ತುಂಬಲು ವಿಷಯ ಬಲ್ಲವರು ಬೇಕು, ನಿಮ್ಮಲ್ಲಿ ಅಂಥವರು ಇದ್ದಾರೆ.

ಆ ಪುಟದ ತಲೆಯಲ್ಲಿ ನೂರೈವತ್ತು ಪದಗಳ ಒಂದು ಪರಿಚಯ ಇರಲಿ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ ರೂಪುಗೊಂಡು, 1885ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಜಗತ್ತಿಗೆ ತಿಳಿಸಿದ ಮದ್ದು ಇದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಹದ ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವಿನ ಅಲಗನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಬೇಕು. ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರಗೆಳೆಯುವ ರಸಾಯನಶಾಸ್ತ್ರದ ಪಾಠ ಇದು. ಪಾಠದ ಹೆಸರು ಗೊತ್ತಿಲ್ಲದೆಯೇ ಮಲೆನಾಡಿನ ಸಾವಿರಾರು ಅಂಗಳಗಳಲ್ಲಿ ಮಳೆಗಾಲದ ಮುಂಚೆ ನಡೆಯುತ್ತದೆ. ಹಾಗಾಗಿ ನಿಮ್ಮಲ್ಲಿರುವ ಆ ಹಳೆಯ ಚಾಕು ‘ಉಪಕರಣ’ ವಿಭಾಗದಲ್ಲಿ ಒಂಟಿಯಾಗಿ ಬಿದ್ದಿರಬಾರದು. ಪಂಪು, ಡಬ್ಬ, ಬಿಲ್ಲು, ಫೋಟೋ, ಕರಪತ್ರ ಎಲ್ಲವೂ ಅದರ ಜೊತೆ ಒಂದೇ ಪುಟದಲ್ಲಿ ಬರಲಿ. ಔಷಧಿಗೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರಲ್ಲ, ನಿಮ್ಮಲ್ಲಿರುವ ಆ ಒಣಗಿದ ಕೊಟ್ಟೆಯೂ ಇಲ್ಲೇ ಸೇರಬೇಕು. ಅದನ್ನು ‘ಜಾನಪದ’ ಎಂದು ಬೇರೆ ಕಡೆ ಇಟ್ಟಿದ್ದೀರಿ. ಮಳೆನೀರು ಗೊನೆಗೆ ತಾಗದಂತೆ ತಡೆದು ರೋಗವನ್ನು ದೂರವಿಡುವುದು ವಿಜ್ಞಾನದ ಚರಿತ್ರೆಯಲ್ಲದೆ ಮತ್ತೇನು?

ಇನ್ನು ಗ್ರಂಥಾಲಯದ ವರ್ಗೀಕರಣದ ಮಾತು. ಡ್ಯೂಯಿ ಪದ್ಧತಿಯಲ್ಲಿ ಕಾಫಿ ಬೇಸಾಯ 633.73, ಹವಾಮಾನ 551.5. ನಿಮ್ಮಲ್ಲಿರುವ ತೋಟದ ಮಳೆ ಪುಸ್ತಕ ಇದರಲ್ಲಿ ಯಾವುದಕ್ಕೆ ಹೋಗಬೇಕು? ಗ್ರಂಥಾಲಯದಲ್ಲಿ ಒಂದನ್ನು ಆರಿಸಲೇಬೇಕು, ಏಕೆಂದರೆ ಒಂದು ಪುಸ್ತಕ ಒಂದೇ ಕಪಾಟಿನಲ್ಲಿ ನಿಲ್ಲಬಲ್ಲದು. ನಿಮಗೆ ಆ ಕಟ್ಟಿಲ್ಲ. ಪರದೆಯ ಮೇಲೆ ಒಂದೇ ವಸ್ತು ನಾಲ್ಕು ವಿಷಯಗಳಲ್ಲಿ ಏಕಕಾಲಕ್ಕೆ ಇರಬಹುದು. ಆದ್ದರಿಂದ ಸಂಖ್ಯೆಗಳನ್ನು ಎತ್ತಿ ತರಬೇಡಿ, ಅದರ ಹಿಂದಿನ ಯೋಚನೆಯನ್ನು ತನ್ನಿ. ಅದಕ್ಕೆ ದೂರ ಹೋಗಬೇಕಿಲ್ಲ. 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಇನ್ನೊಂದು ಪದ್ಧತಿ ಕೊಟ್ಟ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, 1962ರಲ್ಲಿ ಅವರು ಕಟ್ಟಿದ ದಾಖಲೀಕರಣ ಸಂಶೋಧನಾ ಕೇಂದ್ರವೂ ಅಲ್ಲೇ ಇದೆ. ವಿಷಯವನ್ನು ಒಂದು ಗೂಡಿಗೆ ತುರುಕಬೇಡಿ, ಅದರ ಮುಖಗಳನ್ನು ಬಿಡಿಸಿ ನೋಡಿ ಎಂಬುದು ಅವರ ದಾರಿ. ಮೇಲಿನ ಫೋಟೋಗೆ ಅದನ್ನು ಅನ್ವಯಿಸಿದರೆ: ಮುಖ್ಯ ವಸ್ತು ಅಡಿಕೆ, ದ್ರವ್ಯ ಮೈಲುತುತ್ತ ಮತ್ತು ಸುಣ್ಣ, ಕ್ರಿಯೆ ಸಿಂಪಡಣೆ, ಸ್ಥಳ ಕೊಪ್ಪ, ಕಾಲ 1950ರ ದಶಕ. ಈ ಐದನ್ನು ಐದು ಕಾಲಂಗಳಲ್ಲಿ ತುಂಬಿದರೆ ನೋಡುವವರು ಯಾವ ತುದಿಯಿಂದ ಬಂದರೂ ವಸ್ತು ಕೈಗೆ ಸಿಗುತ್ತದೆ.

ಮೊದಲ ಪುಟಕ್ಕೆ ಹತ್ತು–ಹನ್ನೆರಡು ವಿಷಯ ಸಾಕು. ನಿಮ್ಮ ಪಟ್ಟಿ ನೋಡಿ ನನಗೆ ಹೊಳೆದವು ಇವು: ಮಳೆ ಮತ್ತು ಹವೆ; ಕಾಫಿ; ಅಡಿಕೆ ಮತ್ತು ಏಲಕ್ಕಿ; ಬೆಳೆಯ ರೋಗ ಮತ್ತು ಹುಳು; ಜ್ವರ, ಲಸಿಕೆ, ಆಸ್ಪತ್ರೆ; ದನಕರು; ಕಲ್ಲು, ಮಣ್ಣು, ಅದಿರು; ಅಳತೆ ಮತ್ತು ನಕ್ಷೆ; ನೀರು ಮತ್ತು ಕರೆಂಟು; ಆಕಾಶ ಮತ್ತು ಉಪಗ್ರಹ; ಶಾಲೆಯ ಪ್ರಯೋಗಾಲಯ. ‘ಪಶುವೈದ್ಯಕೀಯ’ ಎಂದು ಬರೆಯದೆ ‘ದನಕರು’ ಎಂದದ್ದು ಬೇಕೆಂದೇ. ಅಜ್ಜಂಪುರದ ಅಮೃತ ಮಹಲ್ ತಳಿ ಕೇಂದ್ರದ ಕಾಗದಗಳನ್ನು ಹುಡುಕಿ ಬರುವ ರೈತರು ಆ ಮಾತನ್ನೇ ಒತ್ತುತ್ತಾರೆ. ‘ಇತರೆ’ ಬೇಡವೇ ಬೇಡ. ಯಾವುದಕ್ಕೂ ಸೇರದ ವಸ್ತು ಬಂದರೆ ಅದನ್ನು ಪಕ್ಕಕ್ಕಿಟ್ಟು ಕಾಯಿರಿ. ಅಂಥವು ಎಂಟು ಹತ್ತು ಸೇರಿದಾಗ ಅವೇ ಒಂದು ಹೊಸ ವಿಷಯವನ್ನು ಹೇಳುತ್ತವೆ.

ನನ್ನ ಈ ಪಟ್ಟಿಯನ್ನೂ ಹಾಗೇ ನಂಬಬೇಡಿ. ಅರವತ್ತು ವಸ್ತುಗಳ ಚಿತ್ರವನ್ನು ಇಸ್ಪೀಟ್ ಎಲೆಯ ಗಾತ್ರದಲ್ಲಿ ಮುದ್ರಿಸಿ. ಒಬ್ಬ ಬೆಳೆಗಾರ, ಒಬ್ಬ ಪಿಯುಸಿ ವಿದ್ಯಾರ್ಥಿ, ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ಆಶಾ ಕಾರ್ಯಕರ್ತೆ, ತೋಟದಲ್ಲಿ ಕೆಲಸ ಮಾಡುವ ಒಬ್ಬರು, ಹೀಗೆ ಎಂಟು ಜನರನ್ನು ಬೇರೆ ಬೇರೆ ದಿನ ಕರೆದು ಮೇಜಿನ ಮೇಲೆ ಎಲೆಗಳನ್ನು ಹರಡಿ. ಒಟ್ಟಿಗೆ ಇರಬೇಕು ಅನ್ನಿಸಿದ್ದನ್ನು ಒಟ್ಟು ಮಾಡಿ ಹೆಸರಿಡಲು ಹೇಳಿ, ನೀವು ಬಾಯಿ ತೆರೆಯಬೇಡಿ. ಅವರು ಇಟ್ಟ ಹೆಸರುಗಳನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಿ.

ನಾನೊಮ್ಮೆ ಹೀಗೆ ಮಾಡಿಸಿದಾಗ ಒಬ್ಬ ಹಿರಿಯರು ಮಳೆ ಅಳೆಯುವ ಪಾತ್ರೆ, ಪಂಚಾಂಗ, ಉಪಗ್ರಹದ ಸುದ್ದಿ ಮೂರನ್ನೂ ಒಟ್ಟಿಗಿಟ್ಟು ‘ಮಳೆ ಯಾವಾಗ ಬರ್ತದೆ ಅಂತ ಕೇಳೋದು’ ಎಂದರು. ಹೌದಲ್ಲ ಅನ್ನಿಸಿತು. ನಿಮ್ಮ ಸಂಗ್ರಹದ ಬೆನ್ನೆಲುಬು ಇದೇ ಆಗಬಹುದು. ನಿಮ್ಮ ಮಳೆ ಪುಸ್ತಕದ ಸ್ಕ್ಯಾನ್ ಒಂದರಲ್ಲಿ, ಮಾರ್ಚ್ ತಿಂಗಳ ಪುಟದಲ್ಲಿ, 1 ಇಂಚು 12 ಸೆಂಟ್ ಎಂದಿದೆ. ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ‘ಹೂಮಳೆ, ಸಾಕು’. ನೂರು ಸೆಂಟಿಗೆ ಒಂದು ಇಂಚು, ಅಂದರೆ ಅವತ್ತು ಬಿದ್ದದ್ದು 28 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ ಹೂ ಬಿಡಲು ಅಷ್ಟು ಮಳೆ ಬೇಕು. ಒಂದು ವರ್ಷದ ಫಸಲಿನ ಭವಿಷ್ಯ ಆ ಒಂದು ‘ಸಾಕು’ ಎಂಬ ಮಾತಿನಲ್ಲಿದೆ. ಈ ಪುಟ ‘ಕಾಫಿ’ಯಲ್ಲೂ ‘ಮಳೆ’ಯಲ್ಲೂ ‘ಅಳತೆ’ಯಲ್ಲೂ ಬರಬೇಕು. ಜೊತೆಗೆ ನಕ್ಷತ್ರದ ಹೆಸರುಗಳನ್ನೂ ಸೇರಿಸಿ. ಏಪ್ರಿಲ್ ಕೊನೆಗೆ ಬಿದ್ದ ಮಳೆಯನ್ನು ನಮ್ಮ ಜನ ಹುಡುಕುವುದು ‘ಭರಣಿ ಮಳೆ’ ಎಂದು.

ಅದೇ ವಿಷಯದಲ್ಲಿ ಹಾಸನವೂ ಬರುತ್ತದೆ. 1982ರಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಹಾಸನದಲ್ಲಿ ಆರಂಭವಾಯಿತು. ಆ ಏಪ್ರಿಲಿನಲ್ಲಿ ಹಾರಿಸಿದ ಇನ್ಸಾಟ್-1ಎ ಉಪಗ್ರಹ ಸೆಪ್ಟೆಂಬರಿನಲ್ಲೇ ಕೈಕೊಟ್ಟಿತು. 1983ರ ಆಗಸ್ಟ್ 30ರಂದು ಹೋದ ಇನ್ಸಾಟ್-1ಬಿ ಉಳಿದುಕೊಂಡು ಕೆಲಸ ಮಾಡಿತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಆ ಉಪಗ್ರಹ ಟಿ.ವಿ., ದೂರವಾಣಿಯ ಜೊತೆಗೆ ಮೋಡಗಳ ಚಿತ್ರವನ್ನೂ ತೆಗೆಯುತ್ತಿತ್ತು. ಅದನ್ನು ಹಿಡಿತದಲ್ಲಿಟ್ಟವರು ಹಾಸನದಲ್ಲಿ ಕೂತ ಎಂಜಿನಿಯರುಗಳು. ನಿಮ್ಮಲ್ಲಿರುವ ಆ ಪತ್ರಿಕೆಯ ತುಣುಕುಗಳನ್ನು ‘ಬಾಹ್ಯಾಕಾಶ’ ಎಂದು ಮಾತ್ರ ಗುರುತಿಸಿದ್ದೀರಿ. ‘ಮಳೆ’ ಎಂದೂ ಗುರುತಿಸಿ. ಮೂಡಿಗೆರೆ ತೋಟದ ತಗಡಿನ ಮಾಪಕವೂ ಹಾಸನದಿಂದ ನಡೆಸಿದ ಉಪಗ್ರಹವೂ ಒಂದೇ ಪುಟದಲ್ಲಿ ಎದುರುಬದುರಾದಾಗ ಶಾಲೆಯ ಮಗುವಿಗೆ ಆಗುವ ಬೆರಗನ್ನು ಯಾವ ಬೀರುವೂ ಕೊಡಲಾರದು.

ಭಾಷೆಯ ಬಗ್ಗೆ ಕೇಳಿದ್ದೀರಿ. ಕನ್ನಡವೇ ಮುಂದಿರಲಿ, ಇಂಗ್ಲಿಷ್ ಹಿಂದಿನಿಂದ ಬರಲಿ. ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಟ್ಟು ಆ ಸಂಖ್ಯೆಗೆ ಎಲ್ಲ ಹೆಸರುಗಳನ್ನೂ ಕಟ್ಟಿಹಾಕಿ: ಮೈಲುತುತ್ತ, ತಾಮ್ರದ ಸಲ್ಫೇಟ್, ಕಾಪರ್ ಸಲ್ಫೇಟ್. ಮಂಗನ ಕಾಯಿಲೆ, ಕ್ಯಾಸನೂರು ಅರಣ್ಯ ಕಾಯಿಲೆ, ಕೆಎಫ್‌ಡಿ. ಚಳಿಜ್ವರ, ಮಲೇರಿಯಾ. ಪರದೆಯ ಮೇಲೆ ಕಾಣುವುದು ಒಂದೇ ಹೆಸರು, ಹುಡುಕಿದರೆ ಸಿಗುವುದು ಎಲ್ಲದರಿಂದಲೂ. ಊರಿನ ಹೆಸರಿಗೂ ಇದೇ ನಿಯಮ, ಚಿಕ್ಕಮಗಳೂರು, ಹಾಸನ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಅದು ಇನ್ನೂ ಮುಖ್ಯ. 1947ರವರೆಗೆ ನಿಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಸಕಲೇಶಪುರದ ಹಳೆಯ ಕಾಗದಗಳಲ್ಲಿ ಮಂಜರಾಬಾದ್ ಎಂದಿರುತ್ತದೆ, ನರಸಿಂಹರಾಜಪುರದ್ದರಲ್ಲಿ ಎಡೇಹಳ್ಳಿ. ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತವಂತೂ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಹಳೆಯ ಹೆಸರನ್ನು ತಿದ್ದಬೇಡಿ, ಕಾಗದದಲ್ಲಿ ಇದ್ದಂತೆಯೇ ಬರೆದು ಪಕ್ಕದಲ್ಲಿ ಇವತ್ತಿನ ಹೆಸರನ್ನು ಕೊಡಿ.

ತಾಂತ್ರಿಕವಾಗಿ ಮೂರು ಮಾತು. ನಿಮ್ಮ ಮೊದಲ ನಾನೂರು ನಮೂದುಗಳು ಹಳೆಯ ನುಡಿ ಫಾಂಟಿನಲ್ಲಿವೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಹುಡುಕಿದರೆ ಸಿಗುವುದೇ ಇಲ್ಲ. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿ, ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಬ್ಬರು ಕೂತು ಓದಿ ನೋಡಿ. ಎರಡನೆಯದು, ‘ಸೂರ್ಯ’ದಂಥ ಪದಗಳಲ್ಲಿ ಅರ್ಕಾವತ್ತು ಹಾಕಿದ್ದಕ್ಕೂ ಪೂರ್ತಿ ರಕಾರ ಬರೆದದ್ದಕ್ಕೂ ಕಂಪ್ಯೂಟರ್ ಒಳಗೆ ವ್ಯತ್ಯಾಸವಿದೆ; ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತು ನಡುವೆ ಕೂತಿರುತ್ತದೆ. ವೆಬ್‌ಸೈಟ್ ಮಾಡಿಕೊಟ್ಟವರಿಗೆ ಹುಡುಕುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಹೇಳಿ. ಮೂರನೆಯದು, ವಸ್ತುವಿನ ಪುಟದ ವಿಳಾಸದಲ್ಲಿ ವಿಷಯದ ಹೆಸರು ಬೇಡ, ದಾಖಲಾತಿ ಸಂಖ್ಯೆ ಮಾತ್ರ ಇರಲಿ. ವಿಷಯಗಳನ್ನು ನಾಳೆ ತಿದ್ದುತ್ತೀರಿ, ತಿದ್ದಲೇಬೇಕು. ಆಗ ಯಾರೋ ಮೇಷ್ಟ್ರು ಪಾಠಕ್ಕೆಂದು ಬರೆದಿಟ್ಟುಕೊಂಡ ವಿಳಾಸ ಸತ್ತುಹೋಗಬಾರದು. ಹುಡುಕಿ ಏನೂ ಸಿಗದ ಮಾತುಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ತೆಗೆದು ನೋಡಿ. ನಿಮಗೆ ಬೇಕಾದ ಹೆಸರುಗಳು ಅಲ್ಲೇ ಸಿಗುತ್ತವೆ.

ಇನ್ನೊಂದು ವಿಚಾರ, ಇದನ್ನು ದಯವಿಟ್ಟು ಬಿಡಬೇಡಿ. ನಿಮ್ಮ ಹಳೆಯ ಫೋಟೋಗಳ ಹಿಂದೆ ‘ಕೂಲಿಗಳು’ ಎಂದು ಬರೆದಿದೆ. ಆ ಬರಹ ದಾಖಲೆ, ಅದನ್ನು ಅಳಿಸಬೇಡಿ. ಆದರೆ ವಿಷಯದ ಹೆಸರು ‘ತೋಟ ಕಾರ್ಮಿಕರು’ ಎಂದಿರಲಿ, ಅದು ಮೊದಲ ಸಾಲಿನ ವಿಷಯಗಳಲ್ಲೇ ಬರಲಿ, ನನ್ನ ಹನ್ನೊಂದರ ಜೊತೆಗೆ ಹನ್ನೆರಡನೆಯದಾಗಿ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾದಾಗಿನಿಂದ ವಿಜ್ಞಾನಿಗಳ ಹೆಸರು ವರದಿಗಳಲ್ಲಿದೆ. ಆದರೆ ಎಸ್. 795ರಂಥ ಕಾಫಿ ತಳಿ ತಯಾರಾಗಲು ಯಾರೋ ಸಸಿಗೆ ನೀರು ಹಾಕಿದ್ದಾರೆ, ಯಾರೋ ಗಿಡಗಿಡಕ್ಕೂ ಹಣ್ಣು ಕೊಯ್ದು ಬೇರೆ ಬೇರೆ ಬುಟ್ಟಿಗೆ ಹಾಕಿದ್ದಾರೆ. ಅವರ ಕೈ ಇಲ್ಲದೆ ಪ್ರಯೋಗ ನಡೆಯುತ್ತಿರಲಿಲ್ಲ. ಅವರ ಮೊಮ್ಮಕ್ಕಳು ಈಗ ಇದೇ ಜಿಲ್ಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದಾರೆ.

ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಡಿ. ಮೊದಲು ‘ಮಳೆ’ ಮತ್ತು ‘ಕೊಳೆರೋಗ’ದ ಎರಡೂ ಪುಟ, ಇಷ್ಟನ್ನು ಈ ಮುಂಗಾರಿನೊಳಗೆ ಮುಗಿಸಿ. ಮರದ ತುದಿಯಲ್ಲಿ ಕೊಳವೆ ಹಿಡಿದವರ ಆ ಫೋಟೋವನ್ನು ಅಡಿಕೆಯ ಪುಟದ ಮೇಲ್ಗಡೆ ದೊಡ್ಡದಾಗಿ ಹಾಕಿ. ಕೆಳಗೆ ‘ಇವರು ಯಾರೆಂದು ನಿಮಗೆ ಗೊತ್ತೇ?’ ಎಂಬ ಒಂದು ಸಾಲು, ಸಂಗ್ರಹಾಲಯದ ಫೋನ್ ನಂಬರು. ಕೊಪ್ಪದ ಕಡೆಯಿಂದ ಯಾರಾದರೂ ಕರೆ ಮಾಡಿದರೆ ಹೆಸರು, ಊರು ಬರೆದುಕೊಳ್ಳಿ. ಫೋಟೋದಲ್ಲಿರುವವರು ಕರೆ ಮಾಡಿದವರಿಗೆ ಏನಾಗಬೇಕು ಎಂಬುದನ್ನೂ ಕೇಳಿ ಬರೆದುಕೊಳ್ಳಿ.